ನಡುವಯಸ್ಸಿನಲ್ಲಿ ಬದುಕು ಬೇಡವೆನಿಸಿದಾಗ: ಓದುಗರ ಪ್ರಶ್ನೆಗಳಿಗೆ ಮನೋವೈದ್ಯರ ಉತ್ತರ

ಈ ಅಂಕಣಕ್ಕೆ ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಿಂದ ಬರುವ ಪತ್ರಗಳಲ್ಲಿ ಕೆಲವು ತಿಂಗಳುಗಳಿಂದ ಒಂದೇ ಆತಂಕ ಮತ್ತೆ ಮತ್ತೆ ಕಾಣಿಸುತ್ತಿದೆ. ನಲವತ್ತು ದಾಟಿದ, ಅರವತ್ತು ಮುಟ್ಟದ, ಮನೆಯ ಭಾರವನ್ನೆಲ್ಲ ಹೊತ್ತಿರುವ ಒಬ್ಬರು ಬದುಕು ಸಾಕೆನ್ನುತ್ತಿದ್ದಾರೆ. ಸುತ್ತಲಿನವರಿಗೆ ಏನು ಮಾಡಬೇಕೆಂದು ತೋಚುತ್ತಿಲ್ಲ. ಆತ್ಮಹತ್ಯೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಪರೀಕ್ಷೆಯ ಫಲಿತಾಂಶಕ್ಕೆ ಹೆದರಿದ ವಿದ್ಯಾರ್ಥಿ. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 2022ನೇ ಸಾಲಿಗೆ ದಾಖಲಿಸಿದ 1,70,924 ಆತ್ಮಹತ್ಯೆಗಳಲ್ಲಿ ಸರಿಸುಮಾರು ಅರ್ಧದಷ್ಟು ಮಂದಿ 30ರಿಂದ 60 ವರ್ಷದೊಳಗಿನವರು. ಒಟ್ಟು ಮೃತರಲ್ಲಿ ಹತ್ತರಲ್ಲಿ ಏಳು ಮಂದಿ ಗಂಡಸರು. ಎಲ್ಲರೂ ಯಾರನ್ನು ಆಧರಿಸಿ ನಿಂತಿರುತ್ತಾರೋ ಅವರನ್ನು ‘ನೀವು ಹೇಗಿದ್ದೀರಿ’ ಎಂದು ಕೇಳುವವರು ಕಡಿಮೆ. ಈ ಸಂಚಿಕೆಯ ಪುಟಗಳನ್ನು ಆ ಪತ್ರಗಳಿಗೇ ಮೀಸಲಿಟ್ಟಿದ್ದೇವೆ. ಹೆಸರುಗಳನ್ನು ಕೈಬಿಟ್ಟು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇವೆ.

ಇದನ್ನು ಓದುತ್ತಿರುವ ನಿಮಗೇ ಸಾಯುವ ಯೋಚನೆ ಬರುತ್ತಿದ್ದರೆ ದಯವಿಟ್ಟು ಕೊನೆಯವರೆಗೆ ಓದುವಷ್ಟು ಹೊತ್ತೂ ಕಾಯಬೇಡಿ. ಕೇಂದ್ರ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ಉಚಿತ, ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಅಪಾಯ ಈ ಕ್ಷಣದಲ್ಲೇ ಇದೆ ಎನ್ನಿಸಿದರೆ ಮನೆಯವರನ್ನೋ ನೆರೆಮನೆಯವರನ್ನೋ ಕೂಗಿ ಕರೆಯಿರಿ, 112ಕ್ಕೆ ಫೋನು ಮಾಡಿ.

ಪ್ರಶ್ನೆ: ನನ್ನ ಗಂಡನಿಗೆ 52 ವರ್ಷ. ಬಹಳ ಕಾಲ ಮಸ್ಕತ್‌ನಲ್ಲಿ ದುಡಿದು ಊರಿಗೆ ಬಂದವರು ಕಾಪುವಿನ ಸಮೀಪ ಅಂಗಡಿ ಹಾಕಿದರು. ಅಂಗಡಿ ಕೈಹಿಡಿಯಲಿಲ್ಲ. ಸೊಸೈಟಿಯ ಸಾಲ, ನನ್ನ ಚಿನ್ನ ಅಡವಿಟ್ಟ ಸಾಲ, ನೆಂಟರಿಂದ ತಂದ ಕೈಸಾಲ ಎಲ್ಲ ಸೇರಿ ದೊಡ್ಡ ಮೊತ್ತವಾಗಿದೆ. ಮೊದಲು ಮಾತು ಮಾತಿಗೆ ಸಿಡುಕುತ್ತಿದ್ದವರು ಈಗ ಒಂದು ತಿಂಗಳಿನಿಂದ ತೀರಾ ಮೌನವಾಗಿದ್ದಾರೆ. ಹೋದ ವಾರ ಗೋಡೆಯ ಕ್ಯಾಲೆಂಡರನ್ನು ತೆಗೆದು ಅದರ ಹಿಂಬದಿಯಲ್ಲಿ ಕರೆಂಟ್ ಬಿಲ್ಲಿನ ನಂಬರು, ಗ್ಯಾಸಿನ ನಂಬರು, ಯಾರಿಗೆ ಎಷ್ಟು ಕೊಡಲಿಕ್ಕಿದೆ ಎಂಬುದನ್ನೆಲ್ಲ ದುಂಡಗೆ ಬರೆದು, ‘ಇನ್ನು ಇದನ್ನೆಲ್ಲ ನೀನೇ ನೋಡಿಕೊಳ್ಳಲು ಕಲಿ’ ಎಂದರು. ‘ನಾನಿಲ್ಲದಿದ್ದರೆ ನಿಮಗೆಲ್ಲ ಹಗುರ’ ಎಂದೂ ಒಮ್ಮೆ ಹೇಳಿದ್ದಾರೆ. ನೇರವಾಗಿ ಕೇಳೋಣವೆಂದರೆ, ಇಲ್ಲದ ಯೋಚನೆಯನ್ನು ನಾನೇ ಅವರ ತಲೆಗೆ ಹಾಕಿದಂತಾದೀತೇ ಎಂಬ ಹೆದರಿಕೆ. ನನ್ನ ಅಣ್ಣನೋ, ‘ಭಾವ ಗಟ್ಟಿ ಮನುಷ್ಯ, ಸುಮ್ಮನಿರು, ಸರಿಹೋಗುತ್ತಾರೆ’ ಎನ್ನುತ್ತಾನೆ.

ಉತ್ತರ: ಕೇಳಿ. ಈ ದಿನವೇ ಕೇಳಿ. ಸಾಯುವ ಯೋಚನೆ ಇದೆಯೇ ಎಂದು ವಿಚಾರಿಸುವುದರಿಂದ ಆ ಯೋಚನೆ ಹುಟ್ಟುವುದಿಲ್ಲ ಎಂಬುದನ್ನು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ನನ್ನ ಹೊರರೋಗಿ ವಿಭಾಗದಲ್ಲಿಯೂ ಈ ಪ್ರಶ್ನೆ ಕೇಳಿದಾಗ ಹೆಚ್ಚಿನವರು ಮೊದಲು ಮಾಡುವುದು ಒಂದು ದೀರ್ಘ ಉಸಿರು ಬಿಡುವುದು; ಅಷ್ಟು ದಿನ ಒಬ್ಬರೇ ಹೊತ್ತುಕೊಂಡಿದ್ದ ಮಾತನ್ನು ಆಡಲು ಅನುಮತಿ ಸಿಕ್ಕಿತಲ್ಲ ಎಂಬ ನಿರಾಳ ಅವರ ಮುಖದಲ್ಲಿ ಕಾಣುತ್ತದೆ.

ನೀವು ಬರೆದಿರುವ ಲಕ್ಷಣಗಳು ಹಗುರವಾದವಲ್ಲ. ಕ್ಯಾಲೆಂಡರಿನ ಹಿಂದೆ ಲೆಕ್ಕ ಬರೆದಿಟ್ಟಿರುವುದು, ‘ನಾನಿಲ್ಲದಿದ್ದರೆ ಹಗುರ’ ಎಂಬ ಮಾತು, ಸಿಡುಕುತ್ತಿದ್ದ ಮನುಷ್ಯ ಇದ್ದಕ್ಕಿದ್ದಂತೆ ಶಾಂತನಾಗಿರುವುದು, ಈ ಮೂರೂ ಒಟ್ಟಿಗೆ ಕಂಡಾಗ ನಾವು ಅಪಾಯ ಹತ್ತಿರದಲ್ಲಿದೆ ಎಂದೇ ಭಾವಿಸುತ್ತೇವೆ. ತನ್ನಿಂದ ಮನೆಯವರಿಗೆ ಹೊರೆ ಎಂಬ ಭಾವನೆ ಈ ವಯಸ್ಸಿನ ಗಂಡಸರಲ್ಲಿ ವಿಶೇಷವಾಗಿ ತೀವ್ರವಾಗಿರುತ್ತದೆ. ಗಲ್ಫಿನಿಂದ ಹಣ ಕಳುಹಿಸುತ್ತಿದ್ದಷ್ಟು ಕಾಲ ತಂಗಿಯ ಮದುವೆ, ಮನೆಯ ಸ್ಲ್ಯಾಬು, ಊರ ದೈವಸ್ಥಾನದ ಬ್ರಹ್ಮಕಲಶದ ವಂತಿಗೆ ಎಲ್ಲದಕ್ಕೂ ಕೈಯೆತ್ತಿ ಕೊಟ್ಟವರು, ಅದೇ ಊರಿನಲ್ಲಿ ಸಾಲಗಾರರಾಗಿ ನಡೆದಾಡುವಾಗ ಅನುಭವಿಸುವ ಅವಮಾನವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಅಂಥವರಲ್ಲಿ ಖಿನ್ನತೆಯು ಅಳುವಾಗಿ ಕಾಣಿಸುವುದು ಅಪರೂಪ. ಅದು ಸಿಟ್ಟಾಗಿ, ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾಗುವುದಾಗಿ, ಸೊಂಟನೋವಾಗಿ, ಯಾವ ಮಾತ್ರೆಗೂ ಬಗ್ಗದ ಗ್ಯಾಸ್ಟ್ರಿಕ್ ಆಗಿ ಬರುತ್ತದೆ. ಗಟ್ಟಿ ಮನುಷ್ಯ ಎಂಬ ಹೆಸರು ಇದ್ದಷ್ಟೂ ಸಹಾಯ ಕೇಳುವುದು ಅವರಿಗೆ ಕಷ್ಟವಾಗುತ್ತದೆ. ನಿಮ್ಮ ಅಣ್ಣನಿಗೆ ಇದನ್ನು ತೋರಿಸಿ.

ಕೇಳುವ ಬಗೆ ಮುಖ್ಯ. ಮಕ್ಕಳು ಇಲ್ಲದ ಹೊತ್ತು ನೋಡಿ, ಟಿವಿ ಆರಿಸಿ, ಪಕ್ಕದಲ್ಲಿ ಕುಳಿತುಕೊಳ್ಳಿ. ಮನೆಯಲ್ಲಿ ನೀವು ಮಾತನಾಡುವುದು ತುಳುವೋ ಕೊಂಕಣಿಯೋ ಬ್ಯಾರಿಯೋ ಆಗಿದ್ದರೆ ಆ ಭಾಷೆಯಲ್ಲೇ ಕೇಳಿ. ‘ನೀವು ನಿದ್ದೆ ಮಾಡುತ್ತಿಲ್ಲ, ಅಂದು ಕ್ಯಾಲೆಂಡರಿನ ಹಿಂದೆ ಬರೆದದ್ದನ್ನು ನೋಡಿ ನನಗೆ ಹೆದರಿಕೆಯಾಗಿದೆ. ಇಷ್ಟೆಲ್ಲ ಕಷ್ಟದ ನಡುವೆ ಸತ್ತುಹೋಗಬೇಕು ಅಂತ ನಿಮಗೆ ಅನ್ನಿಸಿದೆಯಾ?’ ಎಂದು ಅದೇ ಪದಗಳಲ್ಲಿ ಕೇಳಬಹುದು. ‘ಹಾಗೇನೂ ಹುಚ್ಚು ಯೋಚನೆ ಇಲ್ಲ ತಾನೇ?’ ಎಂದು ಕೇಳಿದರೆ ‘ಇಲ್ಲ’ ಎಂಬ ಉತ್ತರವನ್ನು ನೀವೇ ಅವರ ಬಾಯಿಗಿಟ್ಟಂತೆ. ಕೇಳಿದ ಮೇಲೆ ಸುಮ್ಮನಿರಿ. ಅವರು ಮಾತನಾಡಲು ಸಮಯ ತೆಗೆದುಕೊಳ್ಳುತ್ತಾರೆ. ಆ ಮೌನವನ್ನು ತುಂಬಲು ಹೋಗಬೇಡಿ.

ಅವರು ಹೌದೆಂದರೆ, ಹೇಗೆ ಎಂದು ಯೋಚಿಸಿದ್ದಾರೆಯೇ, ಅದಕ್ಕೆ ಏನಾದರೂ ಸಿದ್ಧತೆ ಮಾಡಿಕೊಂಡಿದ್ದಾರೆಯೇ, ಯಾವಾಗ ಎಂದು ತೀರ್ಮಾನಿಸಿದ್ದಾರೆಯೇ ಎಂಬುದನ್ನೂ ಕೇಳಿ. ಕಷ್ಟವೆನಿಸಿದರೂ ಕೇಳಬೇಕು, ಏಕೆಂದರೆ ಎಷ್ಟು ಬೇಗ ಆಸ್ಪತ್ರೆಗೆ ಹೋಗಬೇಕೆಂಬುದನ್ನು ಆ ಉತ್ತರ ನಿರ್ಧರಿಸುತ್ತದೆ. ಮಕ್ಕಳ ಮುಖ ನೋಡಿ ಎಂದು ವಾದಿಸಬೇಡಿ. ಅವರು ಮಕ್ಕಳ ಮುಖ ನೋಡಿಯೇ ತಾನು ಹೊರೆ ಎಂದುಕೊಂಡಿದ್ದಾರೆ. ‘ಯಾರಿಗೂ ಹೇಳಬೇಡ’ ಎಂದು ಭಾಷೆ ಕೇಳಿದರೆ ಕೊಡಬೇಡಿ. ‘ನಿಮ್ಮನ್ನು ಉಳಿಸಿಕೊಳ್ಳಲು ಯಾರಿಗೆ ಹೇಳಬೇಕೋ ಅವರಿಗೆ ಹೇಳುತ್ತೇನೆ’ ಎನ್ನಿ. ಯೋಜನೆ ಇದೆ ಎಂದಾದರೆ ಅವರನ್ನು ಒಬ್ಬರೇ ಬಿಡದೆ ಅದೇ ದಿನ ಕರೆದೊಯ್ಯಿರಿ. ಉಡುಪಿಯ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲಿ, ಮಂಗಳೂರಿನ ವೆನ್‌ಲಾಕ್‌ನಲ್ಲಿ ಸರ್ಕಾರಿ ಮನೋವೈದ್ಯಕೀಯ ಸೇವೆ ಇದೆ; ಮಣಿಪಾಲ, ಕಂಕನಾಡಿ, ದೇರಳಕಟ್ಟೆಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತದೆ. ರಾತ್ರಿ ಹನ್ನೊಂದಕ್ಕೆ ಹೋಗುವುದು ಹೇಗೆ, ನಾಳೆ ನೋಡೋಣ ಎಂದು ಮುಂದೂಡಬೇಡಿ. ಅಂಥ ಯೋಚನೆ ಇಲ್ಲವೆಂದು ಅವರು ಹೇಳಿದರೂ ನಿಮ್ಮ ಮನಸ್ಸು ಒಪ್ಪದಿದ್ದರೆ, ಎರಡು ದಿನ ಬಿಟ್ಟು ಮತ್ತೆ ಕೇಳಿ. ನಿದ್ದೆಯ ನೆಪದಲ್ಲಾದರೂ ವೈದ್ಯರ ಬಳಿಗೆ ಕರೆತನ್ನಿ, ನೀವು ನನಗೆ ಬರೆದದ್ದನ್ನೇ ಅವರಿಗೂ ಹೇಳಿ.

ವೈದ್ಯರು ಖಿನ್ನತೆಯ ಮಾತ್ರೆ ಬರೆದರೆ ಅದರ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಈ ಅವಧಿಯಲ್ಲಿ ನಿದ್ದೆ ಮತ್ತು ಮೈಯ ಚಟುವಟಿಕೆ ಮೊದಲು ಸುಧಾರಿಸುತ್ತದೆ, ಮನಸ್ಸಿನ ಕತ್ತಲೆ ನಿಧಾನವಾಗಿ ಹೋಗುತ್ತದೆ. ಹಾಗಾಗಿ ಸ್ವಲ್ಪ ಚೇತರಿಸಿದಂತೆ ಕಂಡ ಮೊದಲ ವಾರಗಳಲ್ಲೇ ಹೆಚ್ಚು ಗಮನ ಬೇಕು. ಮಾತ್ರೆಗಳನ್ನು ನೀವೇ ಇಟ್ಟುಕೊಂಡು ಆಯಾ ದಿನದ್ದನ್ನು ಕೈಗೆ ಕೊಡಿ. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು. ಇವು ಚಟವಾಗುವ ಮಾತ್ರೆಗಳಲ್ಲ.

ಸಾಲದ ವಿಷಯವನ್ನು ಬೇರೆಯಾಗಿ, ಆದರೆ ಬೇಗನೆ ಕೈಗೆತ್ತಿಕೊಳ್ಳಿ. ಕ್ಯಾಲೆಂಡರಿನ ಆ ಪಟ್ಟಿಯನ್ನು ನಿಮ್ಮ ಅಣ್ಣ ಮತ್ತು ನೀವು ಕುಳಿತು ಓದಿ, ಯಾವುದಕ್ಕೆ ಬಡ್ಡಿ ಹೆಚ್ಚು, ಯಾರು ಕಾಯಬಲ್ಲರು ಎಂದು ವಿಂಗಡಿಸಿ. ಸೊಸೈಟಿಗೆ ಮತ್ತು ಬ್ಯಾಂಕಿಗೆ ಕಂತು ಮರುಹೊಂದಿಸಿ ಕೊಡುವಂತೆ ಲಿಖಿತ ಅರ್ಜಿ ಕೊಡಿ, ಅದಕ್ಕೆ ಸ್ವೀಕೃತಿ ಪಡೆಯಿರಿ. ಬ್ಯಾಂಕುಗಳ ಮತ್ತು ಹಣಕಾಸು ಕಂಪನಿಗಳ ವಸೂಲಿಗಾರರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಸಾಲಗಾರರಿಗೆ ಕರೆ ಮಾಡಕೂಡದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಸೂಚಿಸಿದೆ. ನೋಂದಣಿ ಇಲ್ಲದೆ ಬಡ್ಡಿ ವ್ಯವಹಾರ ನಡೆಸುತ್ತ ಬಲವಂತದಿಂದ ವಸೂಲಿ ಮಾಡುವವರ ವಿರುದ್ಧ ಕರ್ನಾಟಕ ಸರ್ಕಾರ 2025ರಲ್ಲಿ ಕಠಿಣ ಕಾನೂನು ತಂದಿದೆ. ಉಚಿತ ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಬಹುದು. ಸಾಲ ಒಂದು ವಾರದಲ್ಲಿ ತೀರುವುದಿಲ್ಲ, ನಿಜ. ಆದರೆ ಇನ್ನಿಬ್ಬರು ಆ ಕಾಗದದ ಮುಂದೆ ಕುಳಿತಿದ್ದಾರೆ ಎಂಬುದನ್ನು ಅವರು ಕಾಣುವುದೇ ಬಹಳ ದೊಡ್ಡ ವ್ಯತ್ಯಾಸ ಮಾಡುತ್ತದೆ.

ಪ್ರಶ್ನೆ: ನಾನು ಮಂಗಳೂರಿನಲ್ಲಿದ್ದೇನೆ. ನನ್ನ ತಮ್ಮನಿಗೆ 48 ವರ್ಷ, ಸುಳ್ಯದ ಕಡೆ ಅಡಿಕೆ ತೋಟ ನೋಡಿಕೊಂಡಿದ್ದಾನೆ. ತೋಟಕ್ಕೆ ಹಳದಿ ರೋಗ ಬಂದ ಮೇಲೆ ಕುಡಿತ ಹೆಚ್ಚಾಗಿದೆ. ಕುಡಿದ ರಾತ್ರಿಗಳಲ್ಲಿ ನನಗೆ ಫೋನು ಮಾಡಿ ‘ಅಕ್ಕ, ನಾನು ಇನ್ನಿರುವುದಿಲ್ಲ’ ಎಂದು ಅಳುತ್ತಾನೆ. ಬೆಳಿಗ್ಗೆ ವಿಚಾರಿಸಿದರೆ ನೆನಪೇ ಇಲ್ಲ ಎನ್ನುತ್ತಾನೆ. ಅದು ಅವನ ಮಾತಲ್ಲ, ಹೊಟ್ಟೆಗೆ ಹೋದದ್ದರ ಮಾತು ಎಂದು ಮನೆಯವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಉತ್ತರ: ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಮದ್ಯವು ಖಿನ್ನತೆಯನ್ನು ಆಳವಾಗಿಸುತ್ತದೆ, ಅದರ ಜೊತೆಗೆ ಹಿಂದೆ ಮುಂದೆ ನೋಡುವ ವಿವೇಚನೆಯನ್ನೂ ಕಸಿದುಕೊಳ್ಳುತ್ತದೆ. ಹಗಲಿನಲ್ಲಿ ಅದುಮಿಟ್ಟದ್ದು ರಾತ್ರಿ ಹೊರಬರುತ್ತಿದೆ ಎಂದು ತಿಳಿಯಿರಿ. ಅವನು ಪ್ರತಿಸಲವೂ ನಿಮಗೇ ಫೋನು ಮಾಡುತ್ತಾನೆ ಎಂಬುದು ನಮಗಿರುವ ದೊಡ್ಡ ಆಸರೆ. ಆ ಕರೆಗಳನ್ನು ಎಂದೂ ಬೇಸರದಿಂದ ಕತ್ತರಿಸಬೇಡಿ. ಕರೆ ಬಂದ ಕೂಡಲೇ ಮನೆಯಲ್ಲಿ ಅವನ ಪಕ್ಕ ಹೋಗಿ ಕುಳಿತುಕೊಳ್ಳಬಲ್ಲವರು ಯಾರೆಂಬುದನ್ನು ಅವನ ಹೆಂಡತಿಯ ಜೊತೆಗೆ, ಹತ್ತಿರದ ಮನೆಯ ಒಬ್ಬರ ಜೊತೆಗೆ ಮೊದಲೇ ಮಾತಾಡಿಟ್ಟುಕೊಳ್ಳಿ.

ಮೊದಲ ಕೆಲಸವನ್ನು ಈ ವಾರವೇ ಮಾಡಿ. ತೋಟಕ್ಕೆ ಮದ್ದು ಬಿಡುವವರ ಮನೆಗಳಲ್ಲಿ ಕೀಟನಾಶಕ, ಕಳೆನಾಶಕದ ಡಬ್ಬಿಗಳು ಕೊಟ್ಟಿಗೆಯಲ್ಲೋ ಪಂಪ್‌ಶೆಡ್ಡಿನಲ್ಲೋ ತೆರೆದೇ ಇರುತ್ತವೆ. ಅವೆಲ್ಲವನ್ನೂ ಮನೆಯಿಂದ ಹೊರಗೆ ಸಾಗಿಸಿ, ನೆಂಟರ ಮನೆಯಲ್ಲಿ ಬೀಗ ಹಾಕಿ ಇಡುವಂತೆ ಮಾಡಿ. ಬೀಗದ ಕೈ ತಮ್ಮನ ಬಳಿ ಇರಬಾರದು. ಸಾಯಲು ನಿರ್ಧರಿಸಿದವನು ಹೇಗಾದರೂ ಸಾಯುತ್ತಾನೆ ಎಂದು ಹೇಳುವವರಿದ್ದಾರೆ. ಅದು ತಪ್ಪು. ಆ ತೀವ್ರ ಒತ್ತಡದ ಗಳಿಗೆ ಎಷ್ಟೋ ಸಲ ನಿಮಿಷಗಳದ್ದು, ಹೆಚ್ಚೆಂದರೆ ಕೆಲವು ಗಂಟೆಗಳದ್ದು. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. ಶ್ರೀಲಂಕಾದಲ್ಲಿ 1990ರ ದಶಕದ ಮಧ್ಯದಲ್ಲಿ ಆತ್ಮಹತ್ಯೆಯ ಪ್ರಮಾಣ ಪ್ರಪಂಚದಲ್ಲೇ ಅತ್ಯಧಿಕ ಎನ್ನುವಂತಿತ್ತು. ಅತಿ ಅಪಾಯಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತ ಬಂದ ಮೇಲೆ ಎರಡು ದಶಕಗಳಲ್ಲಿ ಆ ಪ್ರಮಾಣ ಸುಮಾರು ಶೇ 70ರಷ್ಟು ಇಳಿಯಿತು. ಅಲ್ಲಿನ ರೈತರ ಕಷ್ಟ ಕಡಿಮೆಯಾದದ್ದರಿಂದ ಹೀಗಾಯಿತೆನ್ನಲು ಆಧಾರವಿಲ್ಲ. ಕೈಗೆಟುಕುವ ವಿಷ ಕಡಿಮೆಯಾಯಿತು.

ಕುಡಿತ ಬಿಡಿಸುವ ಅವಸರದಲ್ಲಿ ಮನೆಯಲ್ಲಿ ಕೂಡಿಹಾಕುವ ಕೆಲಸಕ್ಕೆ ಮಾತ್ರ ಹೋಗಬೇಡಿ. ದಿನವೂ ಹೆಚ್ಚು ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಗೊಂದಲ, ಭ್ರಮೆಗಳು ಕಾಣಿಸಿಕೊಂಡು ಜೀವಕ್ಕೇ ಅಪಾಯವಾಗಬಹುದು. ವೈದ್ಯರ ನಿಗಾದಲ್ಲಿ ಬಿಡಿಸಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ‘ಮನೋಚೈತನ್ಯ’ ಹೊರರೋಗಿ ಸೇವೆಯನ್ನು ಹತ್ತಿರದ ಆಸ್ಪತ್ರೆಯಲ್ಲಿ ವಿಚಾರಿಸಿ. ಅಲ್ಲಿಂದ ಮಂಗಳೂರಿಗೆ ದಾಖಲಾತಿಗಾಗಿ ಕಳುಹಿಸಿಕೊಡುತ್ತಾರೆ. ಕುಡಿತಕ್ಕೆ ಒಬ್ಬರು, ಖಿನ್ನತೆಗೆ ಒಬ್ಬರು ಎಂದು ಬೇರೆ ಮಾಡದೆ ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಕೊಡುವವರನ್ನೇ ಹುಡುಕಿ. ನೀವು ಒಂದು ಬೆಳಿಗ್ಗೆ, ಅವನು ಕುಡಿಯದ ಹೊತ್ತಿನಲ್ಲಿ, ಖುದ್ದಾಗಿ ಊರಿಗೆ ಹೋಗಿ ತೋಟದಲ್ಲಿ ಅವನ ಜೊತೆ ನಡೆಯುತ್ತ ಮಾತನಾಡಿ. ರಾತ್ರಿ ಅವನು ಹೇಳಿದ ಮಾತನ್ನು ಅವನಿಗೇ ಮೆಲ್ಲಗೆ ಹೇಳಿ. ಬೈಯಬೇಡಿ. ಆ ತೋಟ ಅವನಿಗೆ ಬರೀ ಆದಾಯವಲ್ಲ, ಹಿರಿಯರು ಕೊಟ್ಟು ಹೋದದ್ದು ತನ್ನ ಕಾಲದಲ್ಲಿ ಹಳದಿಯಾಯಿತೆಂಬ ದುಃಖ ಅವನಿಗಿರಬಹುದು. ಅದನ್ನು ಕೇಳಿಸಿಕೊಳ್ಳುವವರು ಬೇಕು.

ಪ್ರಶ್ನೆ: ನನಗೆ 47 ವರ್ಷ. ಮಂಗಳೂರಿನ ಒಂದು ಶಾಲೆಯಲ್ಲಿ ಶಿಕ್ಷಕಿ. ಮಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದಾನೆ, ಅತ್ತೆ ಹಾಸಿಗೆ ಹಿಡಿದಿದ್ದಾರೆ. ಒಂದು ವರ್ಷದಿಂದ ಮುಟ್ಟು ಏರುಪೇರಾಗಿದೆ, ರಾತ್ರಿ ಬೆವರಿ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಸಾಯುವುದಕ್ಕೆ ಏನೂ ಮಾಡಬೇಕೆಂದಿಲ್ಲ, ಆದರೆ ಮಲಗುವಾಗ ‘ಬೆಳಿಗ್ಗೆ ಎದ್ದೇಳದಿದ್ದರೆ ಸಾಕು’ ಎನ್ನಿಸುತ್ತದೆ. ಅಮ್ಮ, ಜ್ಯೋತಿಷಿಗಳ ಬಳಿ ಒಂದು ತಾಂಬೂಲ ಪ್ರಶ್ನೆ ಇರಿಸಿ ನೋಡೋಣ ಎನ್ನುತ್ತಾರೆ. ಹೀಗೆ ಯೋಚಿಸುವುದೇ ಪಾಪವಲ್ಲವೇ?

ಉತ್ತರ: ಪಾಪವಲ್ಲ. ನೀವು ಬಹಳ ದಣಿದಿದ್ದೀರಿ, ಬಹುಶಃ ಕಾಯಿಲೆಯಿಂದಲೂ ಬಳಲುತ್ತಿದ್ದೀರಿ. ಅದನ್ನು ಬರೆದು ತಿಳಿಸಿದ್ದಕ್ಕೆ ನನಗೆ ಸಮಾಧಾನವಾಗಿದೆ. ‘ಎದ್ದೇಳದಿದ್ದರೆ ಸಾಕು’ ಎಂಬ ಭಾವನೆ ಯೋಜನೆಯಷ್ಟು ತುರ್ತಿನದಲ್ಲದಿದ್ದರೂ ಅದು ತಾನಾಗಿ ಹೋಗಲಿ ಎಂದು ಬಿಡುವಂಥದ್ದೂ ಅಲ್ಲ. ಇನ್ನೊಂದು ಆಘಾತ ಬಂದೆರಗಿದಾಗ ಅದೇ ಯೋಚನೆ ಗಟ್ಟಿಯಾಗಬಹುದು.

ಮುಟ್ಟು ನಿಲ್ಲುವ ಮುಂಚಿನ ಕೆಲವು ವರ್ಷಗಳಲ್ಲಿ ಹಾರ್ಮೋನುಗಳ ಏರಿಳಿತದಿಂದ ಖಿನ್ನತೆಯ ಸಾಧ್ಯತೆ ಹೆಚ್ಚುತ್ತದೆ, ಹಿಂದೆ ಎಂದೂ ಮನಸ್ಸಿನ ತೊಂದರೆ ಇಲ್ಲದವರಲ್ಲಿಯೂ. ರಾತ್ರಿಯ ಬೆವರು ನಿದ್ದೆ ಕೆಡಿಸುತ್ತದೆ, ಕೆಟ್ಟ ನಿದ್ದೆ ಮನಸ್ಸನ್ನು ಇನ್ನಷ್ಟು ಕುಗ್ಗಿಸುತ್ತದೆ. ಅದಕ್ಕೆ ಸ್ತ್ರೀರೋಗ ತಜ್ಞರಲ್ಲೂ ಮನೋವೈದ್ಯರಲ್ಲೂ ಒಳ್ಳೆಯ ಚಿಕಿತ್ಸೆ ಇದೆ. ಥೈರಾಯ್ಡ್, ಹಿಮೋಗ್ಲೋಬಿನ್, ವಿಟಮಿನ್ ಬಿ12 ಪರೀಕ್ಷೆಗಳನ್ನು ಮಾಡಿಸಿ. ಇವುಗಳಲ್ಲಿನ ಕೊರತೆ ಖಿನ್ನತೆಯಂತೆಯೇ ಕಾಣುವುದುಂಟು. ವೈದ್ಯರ ಮುಂದೆ ‘ನಿದ್ದೆ ಬರುವುದಿಲ್ಲ’ ಎಂದಷ್ಟೇ ಹೇಳಿ ಎದ್ದು ಬರಬೇಡಿ. ನನಗೆ ಬರೆದ ಆ ವಾಕ್ಯವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಬಾಯಿ ಬಾರದಿದ್ದರೆ ಚೀಟಿಯನ್ನೇ ಮುಂದಿಡಿ.

ಅಮ್ಮನ ಮಾತಿನ ಬಗ್ಗೆ: ಪ್ರಶ್ನೆ ಇಡಿಸುವುದರಿಂದ, ದೇವಸ್ಥಾನಕ್ಕೆ ಹೋಗುವುದರಿಂದ ಅವರಿಗೂ ನಿಮಗೂ ಧೈರ್ಯ ಬರುವುದಾದರೆ ಅದನ್ನು ಮಾಡಿ, ನಾನು ತಡೆಯುವುದಿಲ್ಲ. ಆದರೆ ಅದರ ಫಲ ಕಂಡ ಮೇಲೆ ವೈದ್ಯರ ಬಳಿ ಹೋಗೋಣವೆಂದು ಕಾಯುವುದಾದರೆ ನನ್ನ ಆಕ್ಷೇಪವಿದೆ. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಂಡೇ ಹರಕೆ ಹೊರುತ್ತೇವಲ್ಲ, ಇದೂ ಹಾಗೆಯೇ ನಡೆಯಲಿ.

ಒಂದು ಹಾಳೆ ತೆಗೆದುಕೊಂಡು ಇದಿಷ್ಟನ್ನು ಬರೆದು ಪರ್ಸಿನಲ್ಲಿಟ್ಟುಕೊಳ್ಳಿ: ಯೋಚನೆ ಜೋರಾಗುವ ಮುನ್ನ ನಿಮ್ಮಲ್ಲಿ ಕಾಣುವ ಸೂಚನೆಗಳು, ಆಗ ಮನಸ್ಸನ್ನು ಸ್ವಲ್ಪ ಹೊತ್ತು ಬೇರೆಡೆ ತಿರುಗಿಸುವ ಕೆಲಸಗಳು, ಯಾರ ಮನೆಗೆ ಹೋಗಿ ಕುಳಿತುಕೊಳ್ಳಬಹುದು, ಯಾರಿಗೆ ಇದನ್ನು ಬಿಚ್ಚಿ ಹೇಳಬಹುದು, ಕೊನೆಗೆ ವೈದ್ಯರ ಸಂಖ್ಯೆ ಮತ್ತು 14416. ಮನೋವೈದ್ಯರು ಇದನ್ನು ಸುರಕ್ಷತಾ ಯೋಜನೆ ಎನ್ನುತ್ತಾರೆ. ಕಷ್ಟದ ಗಳಿಗೆಯಲ್ಲಿ ಯೋಚಿಸುವ ಶಕ್ತಿ ಕುಂದಿರುವುದರಿಂದ ಮೊದಲೇ ಬರೆದಿಟ್ಟದ್ದು ಉಪಯೋಗಕ್ಕೆ ಬರುತ್ತದೆ. ಅತ್ತೆಯ ಆರೈಕೆಯಲ್ಲಿ ವಾರಕ್ಕೆ ಎರಡು ರಾತ್ರಿಯಾದರೂ ಇನ್ನೊಬ್ಬರು ಕೈಗೂಡಿಸಲಿ. ನಿಮ್ಮ ಪತಿಯ ಬಗ್ಗೆ ನೀವು ಏನೂ ಬರೆದಿಲ್ಲ. ಅವರಿಗೆ ಈ ವಿಷಯ ಗೊತ್ತಿಲ್ಲದಿದ್ದರೆ ಇಂದೇ ಹೇಳಿ. ಮಗನಿಗೂ ತಿಳಿಸಿ. ದೂರದಲ್ಲಿರುವ ಮಗನಿಗೆ ಚಿಂತೆ ಕೊಡಬಾರದೆಂದು ತಾಯಂದಿರು ಮುಚ್ಚಿಡುತ್ತಾರೆ, ಅದರಿಂದ ಯಾರಿಗೂ ಒಳಿತಾದದ್ದನ್ನು ನಾನು ಕಂಡಿಲ್ಲ.

ಪ್ರಶ್ನೆ: ನನ್ನ ಭಾವನವರು (ಅಕ್ಕನ ಗಂಡ, 55 ವರ್ಷ) ಎರಡು ವಾರಗಳ ಹಿಂದೆ ಆತ್ಮಹತ್ಯೆಗೆ ಯತ್ನಿಸಿ ಬದುಕಿಕೊಂಡರು. ಈಗ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ಹೋದರೆ ಏನು ಮಾತನಾಡಬೇಕೆಂದು ತಿಳಿಯದೆ ನೆಂಟರು ಯಾರೂ ಆ ಕಡೆ ಹೋಗುತ್ತಿಲ್ಲ. ಸ್ವಲ್ಪ ದಿನ ಅವರ ಪಾಡಿಗೆ ಬಿಡುವುದು ಒಳ್ಳೆಯದಲ್ಲವೇ?

ಉತ್ತರ: ಅವರ ಪಾಡಿಗೆ ಬಿಡಬೇಡಿ. ಆಸ್ಪತ್ರೆಯಿಂದ ಬಂದ ಮೊದಲ ವಾರಗಳು, ಮೊದಲ ಮೂರು ತಿಂಗಳುಗಳು ಹೆಚ್ಚು ಅಪಾಯದ ಕಾಲ. ಹೃದಯದ ಶಸ್ತ್ರಚಿಕಿತ್ಸೆಯಾಗಿ ಬಂದಿದ್ದರೆ ಹಾರ್ಲಿಕ್ಸ್ ಬಾಟಲಿ, ಮುಸುಂಬಿ ಹಿಡಿದು ಸಾಲಾಗಿ ಹೋಗುತ್ತಿದ್ದ ಬಳಗ ಈಗ ದೂರ ನಿಂತಿರುವುದನ್ನು ಅವರು ಗಮನಿಸುತ್ತಿದ್ದಾರೆ.

ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ಒಂದು ಅಧ್ಯಯನ ನಡೆಸಿತು. ಅದರಲ್ಲಿ ನಮ್ಮ ಚೆನ್ನೈಯೂ ಒಂದು ಕೇಂದ್ರವಾಗಿತ್ತು, ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಆತ್ಮಹತ್ಯೆಗೆ ಯತ್ನಿಸಿ ಆಸ್ಪತ್ರೆಗೆ ಬಂದ 1,867 ಮಂದಿಯಲ್ಲಿ ಒಂದು ಗುಂಪಿಗೆ ಎಂದಿನ ಚಿಕಿತ್ಸೆ ಕೊಟ್ಟರು. ಇನ್ನೊಂದು ಗುಂಪಿಗೆ ಅದರ ಜೊತೆಗೆ ಒಂದು ಗಂಟೆ ಕುಳಿತು ತಿಳಿಹೇಳಿ, ಮುಂದಿನ 18 ತಿಂಗಳಲ್ಲಿ ಒಂಬತ್ತು ಸಲ ಫೋನು ಮಾಡಿಯೋ ಮನೆಗೆ ಹೋಗಿಯೋ ‘ಹೇಗಿದ್ದೀರಿ’ ಎಂದು ವಿಚಾರಿಸಿದರು. ಆ ಅವಧಿಯಲ್ಲಿ ಮೊದಲ ಗುಂಪಿನಲ್ಲಿ ಶೇ 2.2ರಷ್ಟು ಮಂದಿ ಆತ್ಮಹತ್ಯೆಯಿಂದ ತೀರಿಕೊಂಡರೆ, ವಿಚಾರಿಸುತ್ತಿದ್ದ ಗುಂಪಿನಲ್ಲಿ ಆ ಪ್ರಮಾಣ ಶೇ 0.2 ಮಾತ್ರ. ಆರೋಗ್ಯ ಕಾರ್ಯಕರ್ತರು ಕ್ರಮಬದ್ಧವಾಗಿ ಮಾಡಿದ ಕೆಲಸ ಅದು. ಬಂಧುಗಳ ಭೇಟಿ ಚಿಕಿತ್ಸೆಗೆ ಬದಲಿಯಾಗುವುದಿಲ್ಲ, ಆದರೂ ಸಂಪರ್ಕ ಕಡಿಯದೆ ಇರುವುದರ ಬೆಲೆ ಎಷ್ಟೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ನನಗೆ ಗೊತ್ತಿಲ್ಲ.

ಹೋಗಿ ಕುಳಿತುಕೊಳ್ಳಿ. ‘ಯಾಕೆ ಹೀಗೆ ಮಾಡಿದಿರಿ’ ಎಂದು ವಿಚಾರಣೆ ಮಾಡಬೇಡಿ. ‘ಭಾವ, ನೀವು ಉಳಿದದ್ದು ನಮಗೆ ದೊಡ್ಡ ಸಮಾಧಾನ’ ಎಂದಷ್ಟು ಹೇಳಿದರೂ ಸಾಕು. ಅವರು ಮಾತನಾಡಿದರೆ ಕೇಳಿ, ಮಾತನಾಡದಿದ್ದರೆ ಗಂಜಿ ಊಟ ಒಟ್ಟಿಗೆ ಮಾಡಿ ಬನ್ನಿ. ಮುಂದಿನ ಭೇಟಿಯ ದಿನವನ್ನು ಹೇಳಿಯೇ ಹೊರಡಿ, ಹೇಳಿದ ದಿನ ಹೋಗಿ. ಮರುಪರೀಕ್ಷೆಗೆ ಕರೆದೊಯ್ಯುವ ಹೊಣೆಯನ್ನು ಅಕ್ಕನ ಮೇಲೊಂದೇ ಹಾಕದೆ ನೀವು ವಹಿಸಿಕೊಳ್ಳಿ. ಒಮ್ಮೆ ಯತ್ನಿಸಿ ಬದುಕುಳಿದ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ ಎಂಬುದನ್ನು ಅಕ್ಕನಿಗೆ ಹೇಳಿ.

ಪ್ರಶ್ನೆ: ಹೋದ ಮಳೆಗಾಲದಲ್ಲಿ ನನ್ನ ಗಂಡ ಆತ್ಮಹತ್ಯೆ ಮಾಡಿಕೊಂಡರು. ಅವರಿಗೆ 49 ವರ್ಷ. ಪಿಯುಸಿ ಓದುತ್ತಿರುವ ಮಗಳಿಗೆ ಹೃದಯಾಘಾತ ಎಂದು ಹೇಳಿದ್ದೇವೆ. ನಾನು ಗಮನಿಸಿದ್ದರೆ ತಡೆಯಬಹುದಿತ್ತು ಎಂಬ ಯೋಚನೆ ನನ್ನನ್ನು ಬಿಡುತ್ತಿಲ್ಲ.

ಉತ್ತರ: ಈ ಪುಟದಲ್ಲಿ ನಾನು ಬರೆದ ಲಕ್ಷಣಗಳನ್ನು ಓದಿ ನೀವು ನಿಮ್ಮನ್ನೇ ದೂಷಿಸಿಕೊಳ್ಳುವಿರಿ ಎಂಬ ಅಳುಕು ನನಗಿದೆ. ನಡೆದುಹೋದ ಮೇಲೆ ಹಿಂತಿರುಗಿ ನೋಡುವಾಗ ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ, ಆಗ ಹಾಗಿರಲಿಲ್ಲ. ಅನುಭವಿ ಮನೋವೈದ್ಯರ ನಿಗಾದಲ್ಲಿದ್ದವರೂ ಕೆಲವೊಮ್ಮೆ ತೀರಿಕೊಳ್ಳುತ್ತಾರೆ. ಅವರ ಸಾವಿಗೆ ನೀವು ಕಾರಣರಲ್ಲ.

ಮಗಳಿಗೆ ನಿಜ ಹೇಳಿ. ಆಕೆ ಹೇಗೂ ಸಹಪಾಠಿಗಳಿಂದಲೋ ನೆರೆಯವರಿಂದಲೋ ಕೇಳಿಯಾಳು, ಅಥವಾ ಈಗಾಗಲೇ ತಿಳಿದು ನಿಮಗಾಗಿ ಸುಮ್ಮನಿದ್ದಾಳು. ‘ಅಪ್ಪನಿಗೆ ಮನಸ್ಸಿನ ಕಾಯಿಲೆ ಬಹಳ ಜೋರಾಗಿತ್ತು, ಆ ನೋವಿನಲ್ಲಿ ಅವರು ತಮ್ಮ ಜೀವ ತೆಗೆದುಕೊಂಡರು, ಅದು ನಿನ್ನಿಂದಲೂ ಅಲ್ಲ, ನನ್ನಿಂದಲೂ ಅಲ್ಲ’ ಎಂದು ಹೇಳಬಹುದು. ಹೇಗೆ ಎಂಬ ವಿವರ ಬೇಡ. ಆತ್ಮಹತ್ಯೆಯಿಂದ ಆಪ್ತರನ್ನು ಕಳೆದುಕೊಂಡವರಲ್ಲಿ ಅದೇ ಯೋಚನೆ ಬರುವ ಸಾಧ್ಯತೆ ಹೆಚ್ಚಿರುವುದರಿಂದ ನೀವಿಬ್ಬರೂ ಒಮ್ಮೆ ಆಪ್ತಸಮಾಲೋಚಕರನ್ನು ಕಾಣಬೇಕು. ವರ್ಷಾಂತಿಕದ ಸುಮಾರಿಗೆ, ಆಕೆಯ ಪರೀಕ್ಷೆಯ ದಿನಗಳಲ್ಲಿ, ನಿಮ್ಮ ಕಡೆಯ ಒಬ್ಬರು ಮನೆಯಲ್ಲಿ ಬಂದಿರಲಿ.

ಪ್ರಶ್ನೆ: ಆತ್ಮಹತ್ಯೆಗೆ ಯತ್ನಿಸಿದವರನ್ನು ಆಸ್ಪತ್ರೆಗೆ ಸೇರಿಸಿದರೆ ಪೊಲೀಸ್ ಕೇಸಾಗುತ್ತದೆಂದು ಹೆದರಿ ನಮ್ಮಲ್ಲಿ ಮನೆಯಲ್ಲೇ ಉಪಚಾರ ಮಾಡುತ್ತಾರೆ. ಕಾನೂನು ಏನು ಹೇಳುತ್ತದೆ? ವಿಮೆ ಸಿಗುತ್ತದೆಯೇ?

ಉತ್ತರ: ಮನೆಯಲ್ಲಿ ಉಪಚಾರ ಮಾಡುತ್ತ ಕಳೆದ ಒಂದೊಂದು ಗಂಟೆಯೂ ಜೀವಕ್ಕೆ ಮುಳುವಾಗಬಹುದು, 108ಕ್ಕೆ ಕರೆ ಮಾಡಿ ಕೂಡಲೇ ಸಾಗಿಸಿ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 115ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಒದಗಿಸುವುದು ಸರ್ಕಾರದ ಕರ್ತವ್ಯ. ಯತ್ನವನ್ನೇ ಅಪರಾಧವೆನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 309ನೇ ಸೆಕ್ಷನ್, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಸರ್ಕಾರಿ ನೌಕರನನ್ನು ಕರ್ತವ್ಯದಿಂದ ತಡೆಯಲು ಅಥವಾ ಒತ್ತಾಯಿಸಲು ಆತ್ಮಹತ್ಯೆಗೆ ಯತ್ನಿಸುವುದನ್ನು ಮಾತ್ರ ಬೇರೆಯಾಗಿ 226ನೇ ಸೆಕ್ಷನ್‌ನಲ್ಲಿ ಅಪರಾಧವೆಂದು ಉಳಿಸಿಕೊಳ್ಳಲಾಗಿದೆ. ಆಸ್ಪತ್ರೆಯವರು ಕ್ರಮದ ಪ್ರಕಾರ ಪೊಲೀಸರಿಗೆ ಮಾಹಿತಿ ಕೊಡಬಹುದು, ಪೊಲೀಸರು ಬಂದು ಹೇಳಿಕೆ ಪಡೆಯಬಹುದು. ಅದನ್ನು ಕಂಡು ಗಾಬರಿಯಾಗಬೇಡಿ, ಚಿಕಿತ್ಸೆ ಅದಕ್ಕಾಗಿ ಕಾಯಬೇಕಾಗಿಲ್ಲ.

ದೈಹಿಕ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕೆಂದು ಅದೇ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ, ವಿಮಾ ನಿಯಂತ್ರಣ ಪ್ರಾಧಿಕಾರವೂ 2018ರಲ್ಲಿ ಕಂಪನಿಗಳಿಗೆ ಇದನ್ನು ಪಾಲಿಸುವಂತೆ ಸೂಚಿಸಿದೆ. ಆದರೂ ಪಾಲಿಸಿಯಿಂದ ಪಾಲಿಸಿಗೆ ಷರತ್ತುಗಳು ಬೇರೆಯಿರುವುದರಿಂದ ನಿಮ್ಮ ಪತ್ರವನ್ನು ಓದಿಸಿ ನೋಡಿ. ಕ್ಲೇಮು ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಿ ಪಡೆಯಿರಿ, ಬಿಡುಗಡೆಯ ಸಾರಾಂಶ ಮತ್ತು ಬಿಲ್ಲುಗಳ ಪ್ರತಿಗಳ ಜೊತೆಗೆ ವಿಮಾ ಲೋಕಪಾಲರಿಗೆ ದೂರು ಕೊಡಬಹುದು.